ಮೂರನೇ ಕಿಟಕಿಯ ಆಕ್ಷೇಪಾರ್ಹ ಗುಮಾಸ್ತ

ಸರ್ಕಾರಿ ನೌಕರನಾದವನು ಮೊಬೈಲಿನ ಮೇಲೆ ಹೆಬ್ಬೆರಳು ಎಲ್ಲಿಡಬೇಕು, ಎಲ್ಲಿಡಬಾರದು ಎಂಬುದಕ್ಕೆ ಯಾವ ತರಬೇತಿಯೂ ಇಲ್ಲ. ಆದರೂ ನಾವೆಲ್ಲ ಅದರಲ್ಲಿ ಪಳಗಿದವರೇ. ಹೂವಿನ ಚಿತ್ರಕ್ಕೆ ಲೈಕ್ ಒತ್ತಬಹುದು. ಸಾಹೇಬರ ಮಗಳ ಹುಟ್ಟುಹಬ್ಬಕ್ಕೆ ಒತ್ತಲೇಬೇಕು. ಊರಿನ ರಸ್ತೆ, ನೀರು, ದೀಪ ಅಂತ ಯಾರಾದರೂ ಬರೆದಿದ್ದರೆ ಮನಸ್ಸಿನಲ್ಲೇ ಹೌದೆಂದು, ಬೆರಳು ಮಡಚಿಕೊಂಡು ಮುಂದೆ ಹೋಗಬೇಕು. ನಾನಂತೂ ಅಂಥದ್ದು ಓದಿದ ಗುರುತೂ ಉಳಿಯಬಾರದೆಂದು ಫೋನನ್ನೇ ಒಮ್ಮೆ ಆಫ್ ಮಾಡಿ ಆನ್ ಮಾಡುವವನು. ಇಂಥ ನಾನು ಈಚೆಗೆ ಸರ್ಕಾರಿ ಕಚೇರಿಯನ್ನು ಬೈಯುವ ಪುಟವೊಂದನ್ನು ಫೇಸ್‌ಬುಕ್ಕಿನಲ್ಲಿ ನಡೆಸಿದೆನೆಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಶಾಂತಾ ಕೂಡ ನಂಬುತ್ತಿರಲಿಲ್ಲ. ಅವಳಿಗೆ ನಾನು ಹೇಳಿಯೇ ಇಲ್ಲ.

ನನ್ನ ಮನೆ ರಾಯಚೂರಿನಲ್ಲಿ, ನೌಕರಿ ಮಾನ್ವಿಯಲ್ಲಿ. ತಾಲೂಕು ಕಚೇರಿಯ ಮೂರನೇ ಕಿಟಕಿ ನನ್ನದು. ಜಾತಿ ಪ್ರಮಾಣಪತ್ರ, ವಾಸದ ಪ್ರಮಾಣಪತ್ರದ ಅರ್ಜಿಗಳು ಅಲ್ಲಿಗೇ ಬರುತ್ತವೆ. ನಾನು ಕುರ್ಚಿ ಮುಟ್ಟುವಾಗ ಹನ್ನೊಂದೂವರೆ. ಕೇಳಿದವರಿಗೆಲ್ಲ ಬಸ್ಸಿನ ಹೆಸರು ಹೇಳುತ್ತೇನೆ. ಪಾಪ, ಬಸ್ಸು ಸರಿಯಾದ ಹೊತ್ತಿಗೇ ತಂದು ಇಳಿಸುತ್ತದೆ. ನಿಲ್ದಾಣದ ಎದುರು ಮಂಡಾಳು, ಅಂದರೆ ಮಂಡಕ್ಕಿ, ಮತ್ತು ಮಿರ್ಚಿ ಮಾರುವ ಅಂಗಡಿ ನನ್ನನ್ನು ಬಿಡುವುದಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಸಾಮಾಜಿಕ ಜಾಲತಾಣಗಳ ಆಕ್ಷೇಪಾರ್ಹ ಬರಹಗಳನ್ನು ಹುಡುಕಿ, ತಖ್ತೆಯಲ್ಲಿ ತುಂಬಿ, ಪ್ರತಿ ಶನಿವಾರ ಕಳಿಸಬೇಕು. ನಾಲ್ಕು ಕಾಲಂ: ಕ್ರಮಸಂಖ್ಯೆ, ಪುಟದ ಹೆಸರು, ಬರೆದವರು, ಆಕ್ಷೇಪಾರ್ಹ ಅಂಶ. ಸಾಹೇಬರು ಎಲ್ಲರ ಮೇಜಿನ ಮೇಲೂ ಕಣ್ಣಾಡಿಸಿ, "ನಿಂದೇ ಎಲ್ಲಾರಕ್ಕಿಂತ ದೊಡ್ಡ ಫೋನ್ ಅದ, ನೀನೇ ನೋಡ್ಕೋ" ಎಂದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅರ್ಹತೆ ನೋಡಿ ನನಗೆ ಕೆಲಸ ಕೊಟ್ಟಿದ್ದು ಅದೊಂದೇ ಸಲ.

ಮೂರು ಶನಿವಾರ ನಾನು 'ಶೂನ್ಯ ವರದಿ' ಎಂದು ಬರೆದು ಕಳಿಸಿದೆ. ನಮ್ಮಲ್ಲಿ ಶೂನ್ಯ ವರದಿಗೂ ಮುಖಪತ್ರ, ಮೊಹರು, ಮೂರು ಪ್ರತಿ ಬೇಕು. ಏನೂ ಇಲ್ಲ ಎಂದು ಹೇಳಲು ಒಂದು ಕಟ್ಟು ಕಾಗದ. ನಾಲ್ಕನೇ ವಾರ ಸಾಹೇಬರು ರಾಯಚೂರಿನ ಮೀಟಿಂಗ್ ಮುಗಿಸಿ ಕೆಂಪಗಾಗಿ ಬಂದರು. "ದೇವದುರ್ಗದವ್ರು ಆರು ಕೊಟ್ಟಾರ. ನಮ್ದು ಮೂರು ವಾರದಿಂದ ಸೊನ್ನಿ! ಮಾನ್ವಿ ಮಂದಿಗೆ ಸಿಟ್ಟೇ ಬರೂದಿಲ್ಲೇನ್ರೀ?"

ಸಿಟ್ಟಿಗೇನು ಬರವಿರಲಿಲ್ಲ. ನೀರಿನ ಬಗ್ಗೆ ಬರೆದವನು ನನಗೆ ದಿನಾ ಚಹಾ ಕೊಡುವವನು. ದೀಪದ ಬಗ್ಗೆ ಬರೆದವಳು ಶಾಂತಾಳ ಚಿಕ್ಕಪ್ಪನ ಮಗಳು. ಮೂರನೇ ಕಾಲಂನಲ್ಲಿ ಅವರ ಹೆಸರು ಬರೆಯಲು ಪೆನ್ನೆತ್ತಿದರೆ ಕೈ ಮುಂದೆ ಹೋಗಲಿಲ್ಲ. ನಾನು ಅರಕೇರಾದ ಕೂಲಿಯವರ ಮಗ. ಯಾವನೋ ಸಾಹೇಬ ಬಂದು "ನಿನ್ನ ಹೆಸರೇನು" ಎಂದು ಕೇಳಿ ಬರೆದುಕೊಂಡು ಹೋದರೆ ನಮ್ಮಪ್ಪ ಎರಡು ದಿನ ಊಟ ಮಾಡುತ್ತಿರಲಿಲ್ಲ. "ಯಾಕ ಬರ್ಕೊಂಡ್ನೋ ಏನೋ" ಎಂದು ಗೋಡೆ ನೋಡುತ್ತ ಕೂಡುತ್ತಿದ್ದ. ಅವನ ಮಗ ಈಗ ಹೆಸರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತಿದ್ದ. ನನಗೆ ನಾಚಿಕೆಯಾಯಿತು. ಹಾಗಂತ ಸಾಹೇಬರ ಹೆದರಿಕೆ ಕಡಿಮೆಯಾಯಿತೆಂದಲ್ಲ.

ಅದಕ್ಕೇ ಒಂದು ಉಪಾಯ ಮಾಡಿದೆ. ಆಕ್ಷೇಪಾರ್ಹ ಬರಹವನ್ನು ನಾನೇ ಬರೆದು, ನಾನೇ ಹಿಡಿದು, ನಾನೇ ವರದಿ ಮಾಡುವುದು. ಸುಳ್ಳು ಹೆಸರಿನಲ್ಲಿ 'ಕಿಟಕಿ ಮುಂದಿನ ಮಂದಿ' ಎಂಬ ಪುಟ ತೆರೆದೆ. ಯಾರನ್ನು ಬೈಯುವುದು? ಮಂತ್ರಿಗಳನ್ನೇ? ರಾಮ ರಾಮ! ಸಾಹೇಬರನ್ನೇ? ಎರಡನೇ ಕಿಟಕಿಯವನನ್ನೇ? ಅವನು ಜಗಳಗಂಟ. ಕಡೆಗೆ ಬೈದರೂ ತಿರುಗಿ ಬೀಳದವನು ನಾನೊಬ್ಬನೇ ಉಳಿದೆ. ಬರೆದೆ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೂರನೇ ಕಿಟಕಿಯ ಗುಮಾಸ್ತರು ಹನ್ನೊಂದೂವರೆಗೆ ಮುಂಚಿತವಾಗಿ ಆಸನದಲ್ಲಿ ಕಂಡುಬಂದಿರುವುದಿಲ್ಲ ಎಂದು ಈ ಮೂಲಕ ವಿಷಾದಪೂರ್ವಕವಾಗಿ ತಿಳಿಯಪಡಿಸಲಾಗಿದೆ." ಶನಿವಾರ ತಖ್ತೆಗೆ ಸೇರಿಸಿದೆ. ಬರೆದವರು: ಪತ್ತೆಯಾಗಿಲ್ಲ. ಸಾಹೇಬರು ಓದಿ, "ಭಲೇ! ನಮ್ಮ ಆಫೀಸಿನ ಮ್ಯಾಲೇ ಬರದಾನ, ಮಗ" ಎಂದು ಖುಷಿಯಿಂದ ಸಹಿ ಹಾಕಿದರು. ಮೂರನೇ ಕಿಟಕಿಯ ಗುಮಾಸ್ತ ಎದುರಿಗೇ ನಿಂತಿದ್ದ. ಅವನನ್ನು ಅವರು ಏನೂ ಕೇಳಲಿಲ್ಲ.

ನನ್ನ ಲೆಕ್ಕ ತಪ್ಪಿದ್ದು ಸೋಮವಾರ. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದ ಪುಟಕ್ಕೆ ಮಂದಿ ಸಂತೆಗೆ ಬಂದಂತೆ ಬಂದಿದ್ದರು. "ಖರೇ ಅದ." "ಹನ್ನೊಂದೂವರಿಗೆ ಅಲ್ಲ, ಹನ್ನೆರಡು." "ಆತ ಕುಂತ್ರೂ ಒಂದ, ಇಲ್ದಿದ್ರೂ ಒಂದ." ಒಬ್ಬ "ನಿದ್ದಿ ಹೊಡೀತಾನ" ಎಂದು ಬರೆದಾಗ ನನಗೆ ತಡೆಯಲಾಗಲಿಲ್ಲ. "ಗುಮಾಸ್ತರು ಕಣ್ಣು ಮುಚ್ಚಿ ಯೋಚಿಸುತ್ತಿದ್ದಿರಬಹುದು" ಎಂದು ಪುಟದ ಪರವಾಗಿ ಉತ್ತರಿಸಿದೆ. "ನೀ ಏನು ಅವನ ಬೀಗನೇನಲೇ?" ಎಂದು ನನಗೇ ತಿರುಗಿ ಬಿದ್ದರು.

ಶಾಂತಾ ಕೂಡ ಓದಿದಳು. ಓದಿ ಓದಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಯಾರೋ ಪುಣ್ಯಾತ್ಮ ಬರದಾನ ನೋಡ್ರಿ. ಏನು ಧೈರ್ಯ! ಹತ್ತೊಂಬತ್ತು ವರ್ಷದಿಂದ ಮನಿಯಾಗ ನಾ ಇದನ್ನ ಹೇಳಾಕತ್ತೀನಿ, ಒಬ್ರೂ ಲೈಕ್ ಮಾಡ್ಲಿಲ್ಲ." ಆ ಪುಣ್ಯಾತ್ಮ ನಾನೇ ಎಂದು ಹೇಳಲು ನಾಲಿಗೆ ತುರಿಸಿತು. ಹೇಳಿದ್ದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಅಂದಿನಿಂದ ನನಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಬಸ್ಸಿನಲ್ಲಿ ನೋಡಿದೆ, ಬಚ್ಚಲಲ್ಲಿ ನೋಡಿದೆ, ತಟ್ಟೆಯ ಮುಂದೆ ನೋಡಿದೆ. ಮಂಗಳವಾರ ಸಂಜೆ ಬಸ್ಸಿನಲ್ಲಿ ಕಂಡ ಮಾತು ಮಾತ್ರ ಬೈಗುಳವಾಗಿರಲಿಲ್ಲ. ಚೀಕಲಪರ್ವಿಯ ರೇಣುಕಾ ಎಂಬ ಹುಡುಗಿ ಬರೆದಿದ್ದಳು: "ನನ್ನ ಜಾತಿ ಪ್ರಮಾಣಪತ್ರಕ್ಕ ನಮ್ಮಜ್ಜಿ ಹನುಮವ್ವ ನಾಕು ಸಲ ಬಂದಾಳ. ಶುಕ್ರವಾರದೊಳಗ ಕೊಡ್ಲಿಲ್ಲಂದ್ರ ನನ್ನ ಹಾಸ್ಟೆಲ್ ಸೀಟ್ ಹೋಗ್ತದ. ಆತ ಫೋನಿನಿಂದ ತಲಿ ಎತ್ತಲ್ದ ನಾಳಿ ಬಾ ಅಂತಾನ."

ಹನುಮವ್ವ ನೆನಪಾದಳು. ಹೌದು, ತಲೆ ಎತ್ತಿರಲಿಲ್ಲ. ಆಗ ನಾನು ಸರ್ಕಾರದ ಕೆಲಸವನ್ನೇ ಮಾಡುತ್ತಿದ್ದೆ. ಜನ ಎಲ್ಲಿ ಏನು ಆಕ್ಷೇಪಾರ್ಹವಾಗಿ ಬರೆಯುತ್ತಿದ್ದಾರೆ ಎಂದು ಹುಡುಕುತ್ತಿದ್ದೆ. ಬುಧವಾರ ಮೊದಲ ಬಸ್ಸಿಗೇ ಹೋದೆ. ಅಂಗಡಿಯವನು ಮಿರ್ಚಿ ಎತ್ತಿ ತೋರಿಸಿದರೂ ನಿಲ್ಲಲಿಲ್ಲ. ಹುಡುಕಿದರೆ, ರೇಣುಕಾಳ ಅರ್ಜಿ ಮೂರು ವಾರದ ಶೂನ್ಯ ವರದಿಗಳ ಕಟ್ಟಿನ ಕೆಳಗೆ ಸಿಕ್ಕಿತು. ಗುರುವಾರ ಹನುಮವ್ವನ ಕೈಗೆ ಪ್ರಮಾಣಪತ್ರ ಇಟ್ಟೆ. ಆಕೆ ಕಣ್ಣಿಗೊತ್ತಿಕೊಂಡು, "ನಿನ್ನ ಬೈದು ಬರದಾರಲ್ಲ ಯಪ್ಪಾ, ಅವ್ರ ಹೊಟ್ಟಿ ತಣ್ಣಗಿರಲಿ" ಎಂದಳು. ನನ್ನ ಹೊಟ್ಟೆ ನಿಜವಾಗಿಯೂ ತಣ್ಣಗಾಯಿತು. ಜನ್ಮದಲ್ಲಿ ಅಷ್ಟು ಸುಖವಾದ ಬೈಗುಳ ನಾನು ತಿಂದಿರಲಿಲ್ಲ.

ಸುಖ ಒಂದೇ ದಿನದ್ದು. ಶುಕ್ರವಾರ ಸಾಹೇಬರು ಒಳಗೆ ಕರೆದರು. "ಆ ಪುಟದವನ್ನ ಹುಡುಕ್ರಿ ಅಂತ ಮ್ಯಾಲಿಂದ ಬಂದದ. ಯಾವ ಫೋನಿನಿಂದ ಬರದಾನ ಅಂತ ಪೊಲೀಸ್ರು ತೆಗೀತಾರಂತ. ನೌಕರ ಆಗಿದ್ರ ಮನಿಗೇ." ನಾನು "ಹೌದ್ರೀ ಸರ್, ಬಿಡಬಾರದ್ರೀ ಅಂಥವ್ರನ್ನ" ಎಂದು ಹೇಳಿ, ಹೊರಗೆ ಬಂದು, ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಪುಟವನ್ನು ಅಳಿಸಿಬಿಟ್ಟೆ. ಒಂದೇ ಒತ್ತಿಗೆ ಹೋಯಿತು. ತಖ್ತೆಯಲ್ಲಿ 'ಸದರಿ ಪುಟ ಸ್ಥಗಿತಗೊಂಡಿದೆ' ಎಂದು ಬರೆದೆ. ಮುಂದಿನ ಮೀಟಿಂಗಿನಲ್ಲಿ ಸಾಹೇಬರಿಗೆ ಶಹಬ್ಬಾಸ್ ಸಿಕ್ಕಿತು, ಹುಡುಕುವ ಮಾತು ಅಲ್ಲಿಗೇ ನಿಂತಿತು. ಬೈಯುವವರಿಲ್ಲದ ಮೇಲೆ ನನ್ನ ಬಸ್ಸೂ ಮೆಲ್ಲಗೆ ತಡವಾಗತೊಡಗಿತು.

ಹತ್ತು ದಿನದ ಮೇಲೆ ಹನ್ನೊಂದೂವರೆಗೆ ಕುರ್ಚಿಗೆ ಬಂದರೆ ಕಿಟಕಿಯ ಆಚೆ ಹನುಮವ್ವ ನಿಂತಿದ್ದಳು. ಜೊತೆಗೆ ಪಕ್ಕದ ಮನೆಯ ತಾಯಮ್ಮ. "ಈಕಿ ಅರ್ಜಿ ಎರಡು ತಿಂಗಳಿಂದ ನಿನ್ನ ಹತ್ರ ಅದ ಯಪ್ಪಾ. ಆ ಬೈದು ಬರ್ಯೋರು ಎಲ್ಲಿರ್ತಾರ ಹೇಳು, ಇನ್ನೊಂದು ಸಲ ಬರಸ್ತೀವಿ."

"ಅದು ಈಗ ಇಲ್ಲವ್ವಾ. ಮುಚ್ಚಿಬಿಟ್ಟಾರ."

"ಯಾರು ಮುಚ್ಚಿದ್ರು?"

"ಸರ್ಕಾರ," ಎಂದೆ.

ಮುದುಕಿ ನನ್ನ ಮುಖ ನೋಡಿದಳು. ಮೇಜಿನ ಮೇಲಿನ ಮೊಹರು ನೋಡಿದಳು. ಮತ್ತೆ ನನ್ನನ್ನೇ ನೋಡಿ ಕೇಳಿದಳು: "ನೀನ ಅಲ್ಲೇನಪಾ ಸರ್ಕಾರ?"

ನಾನು ಫೋನನ್ನು ಡ್ರಾಯರಿಗೆ ಹಾಕಿ ತಾಯಮ್ಮನ ಅರ್ಜಿ ಹುಡುಕತೊಡಗಿದೆ. ಆ ಶನಿವಾರ ತಖ್ತೆ ತುಂಬುವಾಗ ಮುದುಕಿಯ ಆ ಮಾತನ್ನು ಸೇರಿಸಬೇಕೇ ಎಂದು ಬಹಳ ಹೊತ್ತು ಯೋಚಿಸಿದೆ. ಇಷ್ಟು ವಾರಗಳಲ್ಲಿ ಅದಕ್ಕಿಂತ ಆಕ್ಷೇಪಾರ್ಹವಾದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆದರೆ ಅದು ಇಂಟರ್ನೆಟ್ಟಿನಲ್ಲಿ ಬಂದದ್ದಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, 'ಶೂನ್ಯ ವರದಿ' ಎಂದು ಬರೆದು, ಮೂರು ಪ್ರತಿಗೂ ಮೊಹರು ಒತ್ತಿದೆ.