ಡಬ್ಬ ಬಂತು, ಹಪ್ಪಳ ಬರಲಿಲ್ಲ

ಪಂಕಜಮ್ಮನವರ ದೇವರ ಮನೆಯಲ್ಲಿ ಚಾಮುಂಡೇಶ್ವರಿಯ ಪಟಕ್ಕೂ ಗಂಗೆಯ ತಂಬಿಗೆಗೂ ನಡುವೆ ಒಂದು ಟ್ಯಾಬ್ ಇತ್ತು. ಶ್ಯಾಮಣ್ಣನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಬೀಜದ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ದಿನ ಜೊತೆಯವರು ಶಾಲು ಹೊದಿಸಿ ಅದನ್ನು ಕೈಗಿತ್ತಿದ್ದರು. ಅವರು ಒಂದು ವಾರ ಅದರ ಮೇಲೆ ಬೆರಳು ತೀಡಿ, "ಇದು ನನ್ನ ಮಾತು ಕೇಳಲ್ಲ ಕಣೇ" ಎಂದು ಹೆಂಡತಿಗೆ ದಾಟಿಸಿದರು. ಪಂಕಜಮ್ಮನ ಮಾತನ್ನು ಅದು ಕೇಳಿತು. (ಆ ಮನೆಯಲ್ಲಿ ಪಂಕಜಮ್ಮನ ಮಾತು ಕೇಳದ ವಸ್ತು ಒಂದೂ ಇರಲಿಲ್ಲ, ಶ್ಯಾಮಣ್ಣನವರೂ ಸೇರಿ.)

ದೇವರ ಮನೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ. ಅದರೊಳಗೆ ಅಂಕಮ್ಮನ ಹದಿನೇಳು ಹಾಡುಗಳಿದ್ದವು. ಅಂಕಮ್ಮ ಕೊತ್ತತ್ತಿಯಿಂದ ಶನಿವಾರ ಶನಿವಾರ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದ ಮುದುಕಿ. ಹಸೆಗೊಂದು, ಬಳೆಗೊಂದು, ಆರತಿಗೊಂದು ಎಂದು ಅವಳ ಗಂಟಲಲ್ಲಿ ಹಾಡು ತುಂಬಿತ್ತು. ಆದರೆ ಸುಲಭಕ್ಕೆ ಈಚೆ ಬರುತ್ತಿರಲಿಲ್ಲ.

"ಬರೀ ಬಾಯಲ್ಲಿ ಆಡು ಬರಾಕಿಲ್ಲ ಕಣವ್ವ. ನೀನೊಂದ್ ಸುದ್ದಿ ಏಳು, ನಾನೊಂದ್ ಆಡು ಏಳ್ತೀನಿ" ಎನ್ನುತ್ತಿದ್ದಳು.

ಹೀಗಾಗಿ ಪಂಕಜಮ್ಮ ಹದಿನೇಳು ಹಾಡಿಗೆ ಹದಿನೇಳು ಸುದ್ದಿ ಕೊಟ್ಟಿದ್ದರು. ಟ್ಯಾಬ್ ಎರಡನ್ನೂ ಭೇದವಿಲ್ಲದೆ ದಾಖಲಿಸಿಕೊಂಡಿತ್ತು. ಆಮೇಲೆ ಒಂದು ನವರಾತ್ರಿಯ ಮಧ್ಯಾಹ್ನಗಳಲ್ಲಿ ಪಂಕಜಮ್ಮ ಒಬ್ಬರೇ ಕೂತು, ಕತ್ತರಿಯ ಗುರುತು ಎಲ್ಲಿದೆಯೆಂದು ತಾವೇ ಹುಡುಕಿ, ಹುರುಳಿಕಾಯಿಯ ನಾರು ತೆಗೆದಂತೆ ಒಂದೊಂದೇ ಹಾಡಿನ ಬಾಲದಿಂದ ಸುದ್ದಿ ಕತ್ತರಿಸಿ ಎಸೆದರು. ಉಳಿದದ್ದು ಶುದ್ಧ ಹಾಡು. ಹೋದ ವರ್ಷ ಅಂಕಮ್ಮ ತೀರಿಕೊಂಡಳು. ಅಂದಿನಿಂದ ಪ್ರತಿ ಶುಕ್ರವಾರ ಟ್ಯಾಬಿಗೂ ಅರಿಶಿನ, ಕುಂಕುಮ, ನಾಲ್ಕು ಕಾಳು ಅಕ್ಷತೆ ಸಲ್ಲುತ್ತಿತ್ತು.

ಶ್ಯಾಮಣ್ಣನವರ ತಂಗಿ ಗೌತಮಿ ಇದ್ದದ್ದು ಮಳವಳ್ಳಿಯಲ್ಲಿ. ಅವಳ ಮಗಳು ದೀಪಶ್ರೀಗೆ ಗುರುವಾರ ಸೀಮಂತ. "ಅತ್ತೆ, ಆರತಿಗೆ ಅಂಕಮ್ಮನ ಹಾಡೇ ಆಗ್ಬೇಕು. ಸ್ಪೀಕರ್ರು ನಾನು ತರಿಸ್ತೀನಿ" ಎಂದು ಬಸುರಿ ಹುಡುಗಿ ಬಾಯಿಬಿಟ್ಟು ಕೇಳಿದ್ದಳು. ಪಂಕಜಮ್ಮ ಮಾತು ಕೊಟ್ಟಿದ್ದರು. ಸರಿಯಾಗಿ ಭಾನುವಾರ ಟ್ಯಾಬ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ವೈರನ್ನು ಎಡಕ್ಕೆ ಬಾಗಿಸಿ ಅದರ ಮೇಲೆ ಕುಟ್ಟಾಣಿ ಹೇರಿದರೆ ಮಾತ್ರ ಒಂದಿಷ್ಟು ಜೀವ ಬರುತ್ತಿತ್ತು.

"ವೈರಸ್ಸು" ಎಂದರು ಶ್ಯಾಮಣ್ಣನವರು. ಅಷ್ಟು ಹೊತ್ತಿಗೆ ಅವರು ಫೋನಿನಲ್ಲಿ ಎರಡು ವಿಡಿಯೋ ನೋಡಿ ಪಂಡಿತರಾಗಿದ್ದರು. "ಇದನ್ನ ರೀಸೆಟ್ ಮಾಡ್ಬೇಕು."

"ಹಾಡು ಹೋದರೆ?"

"ಬ್ಯಾಕಪ್ ತಗೊಂಡೇ ಮಾಡೋದು. ನೋಡು, ಬ್ಯಾಕಪ್ ಅಂದ್ರೆ ಬೀಜ ಎತ್ತಿಟ್ಕೊಳ್ಳೋದು. ರೀಸೆಟ್ ಅಂದ್ರೆ ಗದ್ದೆ ಉಳೋದು. ರಿಸ್ಟೋರ್ ಅಂದ್ರೆ ನಾಟಿ."

"ನಾಟಿ ಆದ್ಮೇಲೆ ಏನೇನು ಬರುತ್ತೆ?"

"ಎಲ್ಲಾ ಬರುತ್ತೆ."

"ಅಂಕಮ್ಮ?"

"ಅಂಕಮ್ಮ, ಅವಳ ಎಲೆ ಅಡಿಕೆ ಸಮೇತ."

ಸೋಮವಾರ ಬೆಳಗ್ಗೆ ಕುಟ್ಟಾಣಿಯ ಭಾರದಡಿಯಲ್ಲಿ ಉಳುಮೆ ನಡೆಯಿತು. ಮಧ್ಯಾಹ್ನಕ್ಕೆ ನಾಟಿಯೂ ಮುಗಿಯಿತು. ಶ್ಯಾಮಣ್ಣನವರು ಬನಿಯನ್ನಿನಲ್ಲಿ ಬೆವರುತ್ತ, ಗೆದ್ದವರ ಹಾಗೆ ಟ್ಯಾಬನ್ನು ಹೆಂಡತಿಯ ಮುಂದೆ ಹಿಡಿದರು.

ಬಂದಿತ್ತು, ಬಹಳ ಬಂದಿತ್ತು. ಶ್ಯಾಮಣ್ಣನವರು ರಾಗಿ ತೆನೆ ಹಿಡಿದು ನಿಂತ ಹಳೆಯ ಫೋಟೋ ಪರದೆಯ ತುಂಬ ಬಂದಿತ್ತು. ಹೇಗೋ ತೆಗೆದುಬಿಟ್ಟಿದ್ದ ಫ್ಯಾನಿನ ಮೂರು ಫೋಟೋ ಬಂದವು. 'ಗ್ಯಾಸ್ ಹಳೇದು', 'ಗ್ಯಾಸ್ ಹೊಸದು' ಎಂಬ ಎರಡು ನಂಬರೂ ಬಂದವು. ಬಿ.ಪಿ. ಮಾತ್ರೆಯ ಅಲಾರಂ ಬಂದು ಆಗಲೇ ಒಮ್ಮೆ ಕೂಗಿಯೂ ಆಯಿತು. ರೆಕಾರ್ಡರಿನ ಕೆಂಪು ಗುಂಡಿಯೂ ತನ್ನ ಜಾಗದಲ್ಲೇ ಇತ್ತು. ಪಂಕಜಮ್ಮ ಅದನ್ನು ಒತ್ತಿದರು. ಖಾಲಿ ಬಿಳಿ ಪುಟದ ನಡುವೆ ಸಣ್ಣಕ್ಷರದಲ್ಲಿ 'ಯಾವುದೇ ರೆಕಾರ್ಡಿಂಗ್ ಇಲ್ಲ' ಎಂದಿತ್ತು.

ಪಂಕಜಮ್ಮ ಟ್ಯಾಬನ್ನು ಗಂಡನ ಕೈಗೇ ಬಿಟ್ಟರು. ಎದ್ದು ಹೋಗಿ ದೇವರ ಮನೆಯ ಹೊಸ್ತಿಲ ಮೇಲೆ ಕೂತರು. ಬೈಗುಳವನ್ನು ಎದುರಿಸುವುದು ಶ್ಯಾಮಣ್ಣನವರಿಗೆ ಅಭ್ಯಾಸವಿತ್ತು, ಮೌನವನ್ನಲ್ಲ.

"ಒಂದೆರಡು ಬೈದುಬಿಡೇ" ಎಂದು ಬೇಡಿಕೊಂಡರು.

"ಆ ಮುದುಕಿ ಹಾಡು ಯಾರ ಹತ್ರಾನೂ ಇಲ್ಲ ಕಣ್ರೀ. ನಂಬಿ ನನ್ನ ಹತ್ರ ಬಿಟ್ಟು ಹೋಗಿದ್ಳು" ಎಂದರು ಪಂಕಜಮ್ಮ. ಅಷ್ಟೆ. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು.

ಬೈಗುಳ ಶುರುವಾದದ್ದು ಪೇಟೆ ಬೀದಿಗೆ ನಡೆದು ಹೋಗುವ ದಾರಿಯಲ್ಲಿ. ಅಲ್ಲಿ ನಯಾಜ್ ಪಾಷಾನ ಮೊಬೈಲ್ ರಿಪೇರಿ ಅಂಗಡಿ. ತಲುಪುವ ಹೊತ್ತಿಗೆ ವಿ.ಸಿ. ಫಾರಂನಲ್ಲಿ ಮೂವತ್ತೊಂದು ವರ್ಷ ಮೊಳೆಯದೆ ಹೋದ ಬೀಜಗಳಿಗೆಲ್ಲ ಶ್ಯಾಮಣ್ಣನವರೇ ಹೊಣೆಯೆಂದು ತೀರ್ಮಾನವಾಗಿತ್ತು.

ನಯಾಜ್ ಪಾಷಾ ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡ. "ನೋಡೀಮ್ಮಾ, ಅಕೌಂಟಿಗೆ ಹೋಗಿದ್ದು ವಾಪಸ್ ಬಂದಿದೆ. ಫೋಟೋ, ನಂಬರು, ಅಲಾರಂ, ಯಾವ್ಯಾವ ಆಪು ಇತ್ತು ಅನ್ನೋ ಪಟ್ಟಿ, ಅಷ್ಟು. ರೆಕಾರ್ಡಿಂಗು ಈ ಟ್ಯಾಬ್ ಹೊಟ್ಟೇಲೇ ಇತ್ತು, ಅಕೌಂಟಿಗೆ ಹೋಗೇ ಇರಲಿಲ್ಲ. ಡಬ್ಬ ಬಂತು, ಡಬ್ಬದೊಳಗಿನ ಹಪ್ಪಳ ಬರಲಿಲ್ಲ."

"ಕೇಳಿಸ್ತೇನ್ರೀ? ಬೀಜ ಎತ್ತಿಟ್ರಂತೆ ಬೀಜ! ನೀವು ಎತ್ತಿಟ್ಟಿದ್ದು ಡಬ್ಬ" ಎಂದರು ಪಂಕಜಮ್ಮ.

ಶ್ಯಾಮಣ್ಣನವರು ಅಂಗಡಿಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

"ಇರಿ ಇರಿ. ಎರಡು ವರ್ಷದ ಹಿಂದೆ ಗಾಜು ಒಡೆದು ನನ್ನ ಹತ್ರಾನೇ ತಂದಿದ್ರಲ್ವಾ?" ನಯಾಜ್ ಪಾಷಾ ಟ್ಯಾಬಿನ ಅಂಚಿಗೆ ಸೂಜಿ ಚುಚ್ಚಿ ಉಗುರಿನಷ್ಟು ಸಣ್ಣ ಕಾರ್ಡೊಂದನ್ನು ಈಚೆ ಎಳೆದ. "ಗಾಜು ಬಿಚ್ಚೋಕೆ ಮುಂಚೆ ಒಳಗಿರೋದೆಲ್ಲ ಕಾರ್ಡಿಗೆ ಹಾಕಿಡ್ತೀನಿ, ಅದು ನನ್ನ ಪದ್ಧತಿ. ಯಜಮಾನ್ರು ಮಾಡಿದ ರೀಸೆಟ್ಟು ಇದನ್ನ ಮುಟ್ಟಿಲ್ಲ."

ಕಾರ್ಡನ್ನು ಬೇರೊಂದು ಯಂತ್ರಕ್ಕೆ ಸಿಕ್ಕಿಸಿದ. ಎಣಿಸಿದರೆ ಹದಿನೇಳು. ಪಂಕಜಮ್ಮ ಒಂದೊಂದರದೂ ಮೊದಲ ಸಾಲು ಹಾಕಿಸಿ ಕೇಳಿದರು. ಹದಿನೇಳು ಸಲವೂ ಅಂಕಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡು ಎತ್ತಿಕೊಂಡಳು. ಪಂಕಜಮ್ಮ ಅಂಗಡಿಯಲ್ಲೇ ಕೈಮುಗಿದರು.

"ಒಂದು ಮಾತು. ಇದು ಆವತ್ತು ಹೆಂಗಿತ್ತೋ ಹಂಗೇ ಇರೋದು. ಆಮೇಲೆ ನೀವು ಏನಾದ್ರೂ ಬದಲಾಯಿಸಿದ್ರೆ ಅದು ಇದ್ರಲ್ಲಿ ಇರಲ್ಲ" ಎಂದ ನಯಾಜ್ ಪಾಷಾ. ಯಾರು ಏನು ಹೇಳಿದರೂ ತಾಳ್ಮೆಯಿಂದ ಕೇಳುವ ಪಂಕಜಮ್ಮ ಈ ಒಂದು ಮಾತನ್ನು ಕೇಳಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದರು.

ಹಾಡುಗಳನ್ನು ಟ್ಯಾಬಿಗೆ ಹಾಕಿ ಕೊಡುವ ಮುಂಚೆ ನಯಾಜ್ ಪಾಷಾ ಚಾರ್ಜರ್ ಚುಚ್ಚಿ ನೋಡಿದ. ಹುಬ್ಬು ಗಂಟಿಕ್ಕಿದ. ದೀಪದ ಕೆಳಗೆ ಹಿಡಿದು, ಸೂಜಿಯಿಂದ ಆ ತೂತನ್ನು ಮೆಲ್ಲಗೆ ಕೆದಕಿದ. ಬಿಳಿ ಕಾಗದದ ಮೇಲೆ ಮೊದಲು ಕುಂಕುಮ ಉದುರಿತು. ಆಮೇಲೆ ಅರಿಶಿನ. ಕೊನೆಗೆ, ಮುರಿದರೂ ಹಳದಿ ಬಿಡದ ಒಂದು ಅಕ್ಕಿ ಕಾಳು.

"ಅಮ್ಮಾ, ಇದಕ್ಕೆ ಯಾವ ವೈರಸ್ಸೂ ಇರಲಿಲ್ಲ. ಗಂಟಲಲ್ಲಿ ಅಕ್ಕಿ ಸಿಕ್ಕಾಕೊಂಡಿತ್ತು."

ಕ್ಯಾಲೆಂಡರ್ ಓದುತ್ತಿದ್ದ ಶ್ಯಾಮಣ್ಣನವರು ಇತ್ತ ತಿರುಗಿದರು. ಖುಲಾಸೆಯಾದ ಕೈದಿಯ ಮುಖದಲ್ಲೂ ಅಂಥ ಕಾಂತಿ ಇರಲಾರದು. ಆ ಕಾಳನ್ನು ಕಾಗದದಲ್ಲಿ ಮಡಿಸಿ ಜೇಬಿಗಿಟ್ಟುಕೊಂಡರು. ಮನೆಗೆ ಬಂದವರೇ ಹಳೆಯ ಅಭ್ಯಾಸದಂತೆ ಮೇಲೆ ಚೀಟಿ ಬರೆದು ಅಂಟಿಸಿದರು: 'ತಳಿ: ಅಕ್ಷತೆ. ಸಂಗ್ರಹಿಸಿದ ಸ್ಥಳ: ಟ್ಯಾಬಿನ ಗಂಟಲು. ಒದಗಿಸಿದವರು: ಶ್ರೀಮತಿ ಪಂಕಜಮ್ಮ.'

ಗುರುವಾರ ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಆ ಪೊಟ್ಟಣವನ್ನು ಕಂಡಕ್ಟರು ನೋಡಿದರು, ಪಕ್ಕದ ಸೀಟಿನವರು ನೋಡಿದರು. ಮದ್ದೂರಿನಲ್ಲಿ ಇಳಿದು ವಡೆ ತಿನ್ನುವಾಗಲೂ ಶ್ಯಾಮಣ್ಣನವರ ಬಾಯಿ ಅದೇ ಕತೆ ಹೇಳುತ್ತಿತ್ತು. ಪಂಕಜಮ್ಮ ಕಿಟಕಿಯ ಕಡೆ ಮುಖ ಮಾಡಿ, ಹಾಡು ಉಳಿಯಿತಲ್ಲ, ಅಷ್ಟು ಸಾಕು ದೇವರೇ, ಎಂದುಕೊಂಡರು.

ಗೌತಮಿಯ ಮನೆಯ ಹಜಾರದಲ್ಲಿ ನಲವತ್ತು ಹೆಂಗಸರು ಸೇರಿದ್ದರು. ದೀಪಶ್ರೀ ಹಸಿರು ಬಳೆ ತೊಟ್ಟು ಹಸೆಯ ಮೇಲೆ ಕೂತಿದ್ದಳು. ಪಂಕಜಮ್ಮ ಟ್ಯಾಬನ್ನು ಸ್ಪೀಕರ್ರಿಗೆ ಹೊಂದಿಸಿ ಹಾಡು ಹಚ್ಚಿ, ಆರತಿಯ ನೀರಿಗೆ ಅರಿಶಿನ ಸುಣ್ಣ ಕಲಸತೊಡಗಿದರು. ಅಂಕಮ್ಮನ ದನಿ ಹಜಾರ ತುಂಬಿತು. ಮುದುಕಿಯರು ಸೆರಗಿನಿಂದ ಕಣ್ಣೊತ್ತಿಕೊಂಡರು. ಎಂಟು ನುಡಿ ಮುಗಿದವು. ಹಾಡು ನಿಂತಿತು. ಅಂಕಮ್ಮ ನಿಲ್ಲಲಿಲ್ಲ.

"ಅಲ್ಲ ಕಣವ್ವ, ಇಂತಾ ಒಸಾ ಸೀರೆ ನಂಗ್ಯಾಕ್ ಕೊಟ್ಟೆ? ಇನ್ನೂ ಮಡಿಕೆನೇ ಬಿಚ್ಚಿಲ್ವಲ್ಲ."

ಸ್ಪೀಕರ್ರಿನಿಂದ ಪಂಕಜಮ್ಮನ ದನಿ, ಸ್ಪಷ್ಟವಾಗಿ: "ಇಟ್ಕೋ ಅಂಕಮ್ಮ. ನಮ್ಮ ಮಳವಳ್ಳಿ ನಾದಿನಿ ಕೊಟ್ಟಿದ್ದು. ಬಣ್ಣ ನೋಡು, ಥೇಟ್ ಕೆಮ್ಮಿನ ಸಿರಪ್ಪು. ನಾನು ಉಟ್ರೆ ಜನ ದಿನಕ್ಕೆ ಮೂರು ಸಲ ಎರಡೆರಡು ಚಮಚ ಅಂತ ಬರ್ತಾರೆ."

ಪಂಕಜಮ್ಮ ಟ್ಯಾಬಿನ ಮೇಲೆ ಬಿದ್ದು ಒತ್ತಿದರು, ಕುಕ್ಕಿದರು, ತಿಕ್ಕಿದರು. ಬೆರಳ ತುಂಬ ಆರತಿಯ ನೀರು. ಅವರ ಮಾತು ಕೇಳುವ ಟ್ಯಾಬ್ ಒದ್ದೆ ಬೆರಳಿನ ಮಾತು ಕೇಳಲಿಲ್ಲ.

"ಅಯ್ಯೋ, ಅವ್ಳು ಕೇಳುದ್ರೆ?"

"ಹಬ್ಬಕ್ಕೆ ಉಡೋಕೆ ಎತ್ತಿಟ್ಟಿದೀನಿ ಅಂತ ಹೇಳಿದೀನಿ ಬಿಡು."

"ನೀನ್ ಬುಡವ್ವ, ಗಟ್ಟಿಗಿತ್ತಿ! ಸರಿ, ಇನ್ನೊಂದ್ ಆಡು ಏಳ್ಲಾ?"

ನಲವತ್ತು ಹೆಂಗಸರು ಒಟ್ಟಿಗೇ ಗೌತಮಿಯ ಕಡೆ ತಿರುಗಿದರು. ಗೌತಮಿ ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಪಂಕಜಮ್ಮ ಮನಸ್ಸಿನಲ್ಲೇ ಚಾಮುಂಡೇಶ್ವರಿಗೆ ಒಂದು ಹರಕೆ ಹೊತ್ತರು, ಸಾಲದೆಂದು ಎರಡು ಹೊತ್ತರು. ಗೌತಮಿ ಈಚೆ ಬಂದಾಗ ಅವಳ ಕೈಯಲ್ಲಿ ಒಂದು ಸೀರೆ ಇತ್ತು. ಅದೇ ಸಿರಪ್ಪು, ಅದೇ ಅಂಚು.

"ಆವತ್ತು ಎರಡು ತಗೊಂಡಿದ್ದೆ ಅತ್ತಿಗೆ. ನಿಮಗೊಂದು, ನನಗೊಂದು. ಮನೆಗೆ ತಂದು ಬೆಳಕಲ್ಲಿ ನೋಡಿದ್ಮೇಲೆ ನಂಗೂ ಉಡೋಕೆ ಧೈರ್ಯ ಬರಲಿಲ್ಲ" ಎಂದಳು. ಅವಳ ತುಟಿಯಂಚು ಆಗಲೇ ಅದುರುತ್ತಿತ್ತು. "ಪಾಪ, ಈಗ ಕೊಡೋಕೆ ಅಂಕಮ್ಮಾನೂ ಇಲ್ಲ. ನೀವೇ ಉಟ್ಕೊಂಡು ಬನ್ನಿ. ಆಮೇಲೆ ಆರತಿ."

ಪಂಕಜಮ್ಮ ಉಟ್ಟುಕೊಂಡು ಬಂದರು. ಹಜಾರ ನಕ್ಕ ನಗೆಗೆ ದೀಪಶ್ರೀ ಹೊಟ್ಟೆ ಹಿಡಿದುಕೊಂಡು, "ಅತ್ತೆ, ಒಳಗಿರೋದೂ ಒದೀತಾ ಇದೆ, ಅದಕ್ಕೂ ನಗು" ಎಂದಳು. ನಗುತ್ತಲೇ ಕೈಚಾಚಿ ಟ್ಯಾಬ್ ತೆಗೆದುಕೊಂಡು, ಆರತಿ ತಟ್ಟೆ ಹಿಡಿದ ಅತ್ತೆಯ ಫೋಟೋ ಹೊಡೆದಳು.

ಮಾರನೆಯ ದಿನ ಶುಕ್ರವಾರ. ಮಂಡ್ಯದ ಮನೆಯಲ್ಲಿ ಪಂಕಜಮ್ಮ ಟ್ಯಾಬಿನ ಗಂಟಲಿಗೆ ಹತ್ತಿ ಬತ್ತಿ ತುರುಕಿ, ಬೆನ್ನಿಗೆ ಮಾತ್ರ ಒಂದು ಬೊಟ್ಟು ಕುಂಕುಮವಿಟ್ಟು, ಭಕ್ತಿಯಿಂದ ತಿರುಗಿಸಿದರು. ರಾಗಿ ತೆನೆಯ ಶ್ಯಾಮಣ್ಣನವರು ಪರದೆಯಿಂದ ಮಾಯವಾಗಿದ್ದರು. ಅವರ ಜಾಗದಲ್ಲಿ ಕೆಮ್ಮಿನ ಸಿರಪ್ಪಿನ ಸೀರೆಯುಟ್ಟ ಪಂಕಜಮ್ಮ ತಮ್ಮನ್ನು ತಾವೇ ನೋಡುತ್ತಿದ್ದರು.

"ರೀ! ಇದನ್ನ ಈಗಲೇ ಅಳಿಸಿ!"

"ಅಳಿಸೋಣ, ಅದಕ್ಕೇನು" ಎಂದರು ಶ್ಯಾಮಣ್ಣನವರು, ಬಾಗಿಲಲ್ಲಿ ನಿಂತು ಕಾಫಿ ಹೀರುತ್ತ. "ಅಕೌಂಟಲ್ಲಿ ಒಂದಿದೆ, ಕಾರ್ಡಲ್ಲಿ ಒಂದಿದೆ, ಗೌತಮಿ ಫೋನಲ್ಲಿ ಒಂದಿದೆ. ಈ ಸಲ ಡಬ್ಬ ಅಲ್ಲ ಕಣೇ, ಹಪ್ಪಳಾನೇ ಎತ್ತಿಟ್ಟಿದೀನಿ."