ಮಾವನ ಲೀಕಿನ ಮೇಲೊಂದು ಚಿಮ್ಮುಬಾಲ

"ಒಂದೇ ಒಂದು ಫೋಟೋ! ಎಲೆ ಮುಟ್ಟಲ್ಲ, ಮಣ್ಣು ಮುಟ್ಟಲ್ಲ. ಬೆಕ್ಕಿನ ಹಾಗೆ ಹೋಗಿ, ಮಂಜು ಕರಗೋದ್ರೊಳಗೆ ಬಂದುಬಿಡ್ತೀನಿ!"

ಬೆತನಿ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಬೆಳಗಿನ ಆರೂವರೆ. ಎಂಟು ತಿಂಗಳ ಎಲ್ಸಿ ಹಾಲು ಕುಡಿದು ಅಪ್ಪನ ಎದೆಯ ಮೇಲೆ ಮತ್ತೆ ನಿದ್ದೆ ಹೋಗಿದ್ದಳು. ಗಂಡ ಡಂಕನ್ ಒಂದೇ ಕಣ್ಣು ತೆರೆದ.

"ಶನಿವಾರ ಪ್ರದರ್ಶನ ಮುಗಿಯೋವರೆಗೂ ಅಪ್ಪನ ತರಕಾರಿ ಮಡಿ ಹತ್ರ ಯಾರೂ ಸುಳಿಯೋ ಹಾಗಿಲ್ಲ. ನಮ್ಮಮ್ಮನ್ನೇ ಮೂವತ್ತು ವರ್ಷ ಬಿಟ್ಕೊಂಡಿರಲಿಲ್ಲ."

"ನಿಮ್ಮಮ್ಮನ ಹತ್ರ ಕ್ಯಾಮರಾ ಇರಲಿಲ್ಲ."

"ಬುದ್ಧಿ ಇತ್ತು."

ಡಂಕನ್‌ನ ಅಪ್ಪ ವಿಲ್ಫ್ ಗಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಉಸಿರೆಲ್ಲ ಹಿತ್ತಲಿನ ಮೂರು ಲೀಕ್ ಗಿಡಗಳಲ್ಲಿತ್ತು. ಲೀಕ್ ಎಂದರೆ ಈರುಳ್ಳಿಯ ದಾಯಾದಿಯೇ. ಆದರೆ ವಿಲ್ಫ್ ಬೆಳೆಸಿದರೆ ಒಂದೊಂದು ದಂಟೂ ಎಲ್ಸಿಯ ತೊಡೆಯಷ್ಟು ದಪ್ಪ, ಅಷ್ಟೇ ಬಿಳುಪು! ಆ ಊರಿನ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ತಮ್ಮ ಲೀಕಿನ ಸುತ್ತಳತೆ ಮರೆಯರು. ವರ್ಷಕ್ಕೊಮ್ಮೆ ನಡೆಯುವ ಊರಿನ ಲೀಕ್ ಪ್ರದರ್ಶನದ ಸ್ಪರ್ಧೆಗೆ ಮೂರು ಇಡಬೇಕು, ಮೂರೂ ತದ್ರೂಪು ಇರಬೇಕು. ಎರಡು ವರ್ಷದ ಹಿಂದೆ ಪ್ರದರ್ಶನದ ಮುನ್ನಾದಿನ ಯಾರೋ ಪಾಪಿ ಬೇಲಿ ಹಾರಿ ಬಂದು, ವಿಲ್ಫ್ ಲೀಕುಗಳನ್ನೆಲ್ಲ ಚೂರಿಯಿಂದ ಸೀಳಿ ಹೋಗಿದ್ದ. ಅಂದಿನಿಂದ ಸೆಪ್ಟೆಂಬರ್ ಬಂತೆಂದರೆ ಮಾವನ ವಾಸ ಸಲಿಕೆ, ಗುದ್ದಲಿಗಳ ಗುಡಿಸಲಿನಲ್ಲಿ.

ಇತ್ತ ಬೆತನಿಯದೂ ಒಂದು ಹುಚ್ಚು. ಎಲ್ಸಿ ಹುಟ್ಟಿದ ಮೇಲೆ ದೊಡ್ಡ ಪ್ರಪಂಚ ನೋಡಲು ಅವಳಿಗೆ ಬಿಡುವಿರಲಿಲ್ಲ. ಹಾಗಾಗಿ ಸಣ್ಣದನ್ನು ಹಿಡಿದುಕೊಂಡಳು. ಹೂಕುಂಡದ ಕೆಳಗಿನ ತಟ್ಟೆ ಎತ್ತಿದರೆ ಸಾಕು, ಸಾಸಿವೆಗಿಂತ ಚಿಕ್ಕ ಚಿಮ್ಮುಬಾಲದ ಹುಳಗಳು! ಹೊಟ್ಟೆಯಡಿ ಮಡಿಸಿಟ್ಟ ಕವಲುಬಾಲವನ್ನು ಟಪ್ಪನೆ ಬಿಟ್ಟರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಂಗಮಾಯ. ಭಾನುವಾರ ಬೇಲಿಯಾಚೆಯಿಂದ ಮಾವನಿಗೆ ಟೀ ಕೊಡುವಾಗ ನಡುವಿನ ಲೀಕಿನ ಮೇಲೆ ಜೇನುಬಣ್ಣದ್ದೊಂದು ಕಂಡಿತ್ತು. ಅಂದಿನಿಂದ ನಿದ್ದೆಯಲ್ಲೂ ಅದೇ.

ಬೇಲಿಯ ಸಂದಿನಲ್ಲಿ ನುಸುಳಿದಳು. ಮಗುವಿನ ಬಟ್ಟೆ ಬದಲಿಸುವ ಪ್ಲಾಸ್ಟಿಕ್ ಹಾಸನ್ನು ಮಡಿಯ ಅಂಚಿನ ಹಲಗೆಯ ಮೇಲೆ ಹಾಸಿ ಬೋರಲು ಮಲಗಿದಳು. ಫ್ಲ್ಯಾಷಿನ ಬೆಳಕು ಮೆತ್ತಗಾಗಲೆಂದು ಖಾಲಿ ಚಿಪ್ಸ್ ಡಬ್ಬಿಯ ಮುಸುಕು. ಲೆನ್ಸಿನೊಳಗೆ ಕಣ್ಣಿಟ್ಟಳು ನೋಡಿ, ಹಿತ್ತಲು ಕರಗಿಹೋಯಿತು.

ಲೀಕಿನ ದಂಟು ಹಿಮದ ಗುಡ್ಡವಾಗಿತ್ತು. ಗುಡ್ಡದ ಮೇಲೆ ಇಬ್ಬನಿಯ ಕೆರೆಗಳು. ಒಂದೊಂದು ಕೆರೆಯಲ್ಲೂ ಪುಟ್ಟದೊಂದು ಮುಂಜಾವು. ಆ ಕೆರೆದಂಡೆಗೆ ಗುಂಡುಗುಂಡಾದ ಜೇನುಬಣ್ಣದ ಕರು ನಡೆದು ಬಂತು. ಒಂದು ಹನಿ ಎತ್ತಿಕೊಂಡು ಕೆನ್ನೆ ಉಜ್ಜಿತು, ಮೂಗು ಉಜ್ಜಿತು. ಥೇಟ್ ಎಲ್ಸಿ ಎದ್ದ ತಕ್ಷಣ ಮುಖ ಉಜ್ಜಿಕೊಳ್ಳುವ ಹಾಗೆ! ತೊಳೆಯದ ಪಾತ್ರೆಯಿಲ್ಲ, ಒಣಗದ ಬಟ್ಟೆಯಿಲ್ಲ, ಲೋಕದಲ್ಲಿ ಅದೊಂದು ಮುಖ ಮಾತ್ರ. ಬೆತನಿ ಉಸಿರು ಹಿಡಿದಳು.

ಕ್ಲಿಕ್. ಮಂಜೆಲ್ಲ ಬೆಳ್ಳಗೆ ಮಿಂಚಿತು. ಕ್ಲಿಕ್. ಇನ್ನೊಂದು ಮಿಂಚು.

ನಲವತ್ತನೆಯ ಮಿಂಚಿಗೆ ಗುಡಿಸಲಿನ ಬಾಗಿಲು ಧಡಾರನೆ ತೆರೆಯಿತು. "ಚೂರಿ ಕೆಳಗೆ ಹಾಕೋ ಪಾಪಿ!"

"ಶ್ಶ್!" ಎಂದಳು ಬೆತನಿ, ತಲೆ ಎತ್ತದೆ. "ಮುಖ ತೊಳೀತಿದೆ!"

"ಯಾರೋ ಅದು ಮುಖ ತೊಳೆಯೋನು? ತಗೋ, ನಾನೇ ತೊಳೀತೀನಿ!"

ನೀರಿನ ಪೈಪು ಭೋರ್ಗರೆಯಿತು! ಬೆತನಿ ಕ್ಯಾಮರಾವನ್ನು ಮಗುವಿನಂತೆ ಎದೆಗವಚಿಕೊಂಡು ಎದ್ದಳು. ಒದ್ದೆ ಹಾಸು ಕಾಲಡಿಯಿಂದ ಜಾರಿತು. ಕೂತಳು. ಕೂರಬಾರದ ಕಡೆ ಕೂತಳು.

ಕಟಕ್!

ನೀರು ನಿಂತಿತು.

"ಯಾವುದು?" ಮಾವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಮಧ್ಯದ್ದು, ಮಾವ."

ವಿಲ್ಫ್ ಟೋಪಿ ತೆಗೆದು ಎದೆಗೊತ್ತಿಕೊಂಡರು. ಬೈದಿದ್ದರೆ ಬೆತನಿ ಬದುಕಿಕೊಳ್ಳುತ್ತಿದ್ದಳು. ಅವರು ಅಂದದ್ದು ಇಷ್ಟೇ: "ಒಳಗೆ ಹೋಗು ಮಗಳೇ. ನೆಂದಿದೀಯ. ಮಗೂಗೆ ನೆಗಡಿ ಹತ್ತುತ್ತೆ."

ಮೂರು ದಿನ ಮಾವ ಟೀಗೆ ಬೇಲಿಯ ಹತ್ತಿರವೂ ಬರಲಿಲ್ಲ. "ಮುರಿದಿದ್ದನ್ನ ಸೂಪ್‌ಗಾದರೂ..." ಎಂದು ಡಂಕನ್ ಒಮ್ಮೆ ಬಾಯಿಬಿಟ್ಟ. ಬೆತನಿ ನೋಡಿದ ನೋಟಕ್ಕೆ ಹಸಿದುಕೊಂಡೇ ಮಲಗಿದ. ನಲವತ್ತು ಫೋಟೋಗಳಲ್ಲಿ ಮೂವತ್ತೊಂಬತ್ತು ಮಸುಕು. ಒಂದು ಮಾತ್ರ, ಅಬ್ಬಾ! ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಶುಕ್ರವಾರ ಸಂಜೆ ಗುಡಿಸಲಿನ ಬಾಗಿಲಲ್ಲಿ ಸದ್ದಿಲ್ಲದೆ ಇಟ್ಟು ಬಂದಳು. ಕ್ಷಮೆ ಕೇಳಲು ಅವಳ ಬಳಿ ಬೇರೆ ಭಾಷೆಯಿರಲಿಲ್ಲ.

ಶನಿವಾರ ಎಲ್ಸಿಯನ್ನು ಸೊಂಟದಲ್ಲಿಟ್ಟುಕೊಂಡು ಅಳುಕುತ್ತಲೇ ಪ್ರದರ್ಶನದ ಸಭಾಂಗಣಕ್ಕೆ ಹೋದಳು. ಮಾವನ ಮೇಜಿನ ಸುತ್ತ ಜನವೋ ಜನ! ಕಪ್ಪು ಬಟ್ಟೆಯ ಮೇಲೆ ಎರಡು ಲೀಕು. ನಡುವೆ, ಚೌಕಟ್ಟಿನಲ್ಲಿ ಕೂರಿಸಿದ ಅವಳ ಫೋಟೋ!

ತೀರ್ಪುಗಾರ ಅಳತೆಪಟ್ಟಿ ಹಿಡಿದು ತೊಳಲಾಡುತ್ತಿದ್ದ. "ವಿಲ್ಫ್, ನಿಯಮ ಅಂದ್ರೆ ಮೂರಿರಬೇಕಪ್ಪಾ."

"ಮೂರೇ ಇದೆ. ಎಣಿಸ್ಕೋ."

ಬಹುಮಾನ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆದರೆ ಮಾವ ಸೊಸೆಯನ್ನು ಕೈಮಾಡಿ ಕರೆದರು. ಕಣ್ಣಂಚು ಒದ್ದೆಯಾಗಿತ್ತು.

"ಎಂಥಾ ಫೋಟೋ ಮಗಳೇ! ಈ ಹೊಳಪು, ಈ ಬಿಳುಪು... ಇಷ್ಟು ವರ್ಷ ಬೆಳೆಸಿದೀನಿ, ಇಷ್ಟು ಹತ್ತಿರದಿಂದ ನೋಡೇ ಇರಲಿಲ್ಲ."

ಬೆತನಿಯ ಎದೆ ಉಬ್ಬಿತು. ಕೊನೆಗೂ ಕಲೆ ಗೆದ್ದಿತಲ್ಲ!

"ಅಗ್ಗಿಷ್ಟಿಕೆ ಮೇಲೆ, ನಿಮ್ಮತ್ತೆ ಫೋಟೋ ಪಕ್ಕ ಇಡೋಕೆ ಇನ್ನೊಂದು ಪ್ರತಿ ಮಾಡಿಸಿಕೊಡ್ತೀಯಾ?"

"ನಾಳೆನೇ ಮಾಡಿಸ್ತೀನಿ ಮಾವ!"

ವಿಲ್ಫ್ ಅವಳ ಕಿವಿಯ ಹತ್ತಿರ ಬಾಗಿ, ಅವಳ ಮನಸ್ಸಿಗೆ ನೋವಾಗದಂತೆ ಮೆಲ್ಲಗೆ ಅಂದರು: "ನನ್ನ ಲೀಕಿಗೆ ಅಡ್ಡವಾಗಿ ಯಾವುದೋ ಹುಳ ಕೂತುಬಿಟ್ಟಿದೆ, ನೀನು ಗಮನಿಸಿಲ್ಲ ಅನ್ಸುತ್ತೆ. ಆ ಪ್ರತಿಯಲ್ಲಿ ಅದನ್ನ ತೆಗೆಸಿಬಿಡಮ್ಮ."