ಐದು ಕೊಂಬುಗಳಿಗೆ ನನ್ನ ಹೆಂಡತಿ ಕಾರಣಳಲ್ಲವೆಂದು ಸಾರುವ ಬಗ್ಗೆ

ಇಂದ,
ಪ್ರಿಮಿಯಾನೊ ತೊರೆಲ್ಲಿ,
ಕಲ್ಲುಗಣಿ ಕೆಲಸಗಾರ (ಇಟಲಿಗೇ ಮೊದಲನೆಯವನು, ನಮ್ಮ ಗಣಿಯಲ್ಲಿ ನಾಲ್ಕನೆಯವನು),
ಅಪ್ರಿಚೇನಾ.

ಗೆ,
ಪೂಜ್ಯ ದೊನ್ ಉರ್ಬಾನೊ,
ಧರ್ಮಗುರುಗಳು, ನಮ್ಮೂರ ಚರ್ಚು.

ವಿಷಯ: ಭಾನುವಾರದ ಪೂಜೆಯಲ್ಲಿ ಕೆಳಕಂಡ ಪ್ರಕಟಣೆ ಓದಲು ಕೋರಿಕೆ.

ಉಲ್ಲೇಖ: ಕಾರ್ನಿವಲ್ ಮೆರವಣಿಗೆಯಲ್ಲಿ ನನ್ನ ಹೆಂಡತಿ ಇನ್ಕೊರೊನಾಟಾ ಊರೆಲ್ಲ ಕೇಳುವಂತೆ ಕೊಟ್ಟ ಮೌಖಿಕ ನೋಟಿಸು.

ಮಾನ್ಯರೇ,

1. ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಸೀಮೆ ದ್ವೀಪವಾಗಿದ್ದಾಗ ಹೊಪ್ಲಿಟೊಮೆರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿ ಇಲ್ಲಿ ಮೇಯುತ್ತಿತ್ತು. ಐದು ಕೊಂಬು (ಅದರಲ್ಲೊಂದು ಮೂಗಿನ ಮೇಲೆ), ಬಾಯಿಂದ ಇಳಿಬಿದ್ದ ಎರಡು ಕೋರೆಹಲ್ಲು. ಬಂಡೆಯ ಬಿರುಕಿನಿಂದ ಅದರ ಮೂಳೆ ತೆಗೆದವನು ನಾನೇ. ಅದು ಅಮೂಲ್ಯವೆಂದು ಪ್ರೊಫೆಸರರು ಕಿತ್ತುಕೊಳ್ಳುವವರೆಗೆ ಅದರಲ್ಲಿ ಬೆನ್ನು ತುರಿಸಿಕೊಳ್ಳುತ್ತಿದ್ದವನೂ ನಾನೇ.

2. ಸದರಿ ಕಾರಣದಿಂದ ಆ ಪ್ರಾಣಿಯ ವೇಷ ಹಾಕುವ ಹಕ್ಕು ಭೂಮಂಡಲದಲ್ಲಿ ನನಗೊಬ್ಬನಿಗೇ ಎಂದು ತೀರ್ಮಾನಿಸಿ, ಗಣಿಯ ಹೆಲ್ಮೆಟ್ಟಿಗೆ, ಒಂದು ಮೂಗಿನ ಮೇಲೆ ಇಳಿಯುವಂತೆ, ಐದು ಕೊಂಬು ಅಂಟಿಸಿಕೊಂಡು ಮೆರವಣಿಗೆಯ ಮುಂದೆ ನಡೆದೆ. ಜನ ಬಿದ್ದು ಬಿದ್ದು ನಕ್ಕರು. ಮೆಚ್ಚುಗೆಯೆಂದು ಭಾವಿಸಿ ಚೌಕಕ್ಕೆ ಇನ್ನೊಂದು ಸುತ್ತು ಹಾಕಿದೆ.

3. ಹೆಂಡತಿ ಪರರ ಸಂಗ ಮಾಡಿದರೆ ಗಂಡನ ತಲೆಗೆ ಕೊಂಬು ಮೂಡುತ್ತದೆಂದು ನಮ್ಮೂರ ಮಕ್ಕಳೂ ಆಡಿಕೊಳ್ಳುತ್ತವೆ. ಪ್ರಾಚೀನ ಇತಿಹಾಸವನ್ನೆಲ್ಲ ತಲೆಯ ಮೇಲೆ ಹೊತ್ತಿದ್ದ ನನಗೆ ಇದೊಂದು ಹೊಳೆಯಲಿಲ್ಲ. ಕ್ಷೌರದ ನಜಾರಿಯೊ ಅಂಗಡಿ ಬಾಗಿಲಿಂದಲೇ ಕೂಗಿದ: "ಲೋ ಪ್ರಿಮಿಯಾ, ಒಬ್ಬನಿಗೆ ಎರಡು ಕೊಂಬು ಅಂತ ಲೆಕ್ಕ. ಐದು ಅಂದ್ರೆ ಎರಡೂವರೆ ಜನ ಆಯ್ತಲ್ಲೋ! ಆ ಅರ್ಧ ಯಾರೋ?"

ನಾನು ಜಂಬದಿಂದ, "ಮೂಗಿನ ಮೇಲಿರೋದೇ ಅಪರೂಪದ್ದು ಕಣೋ, ಬಂದು ಮುಟ್ಟಿ ನೋಡು!" ಎಂದೆ.

4. ಆಗ ಇನ್ಕೊರೊನಾಟಾ ಜನರನ್ನು ಸೀಳಿಕೊಂಡು ಬಂದಳು. "ಈ ಊರಲ್ಲಿ ಒಬ್ಬ ಗಂಡಸನ್ನೂ ಮುಖ ಎತ್ತಿ ನೋಡಿದವಳಲ್ಲ ನಾನು. ನಿನ್ನನ್ನಾದ್ರೂ ಸರಿಯಾಗಿ ನೋಡಿದ್ರೆ ಮದುವೆ ಆಗ್ತಿದ್ನಾ? ನನ್ನ ಮಾನ ಕಳೆದೆಯಲ್ಲೋ! ಗುರುಗಳು ಪೂಜೇಲಿ ನಿಂತು ಹೇಳಲಿ, ಆಮೇಲೆ ಮನೆಗೆ ಬರ್ತೀನಿ!" ಎಂದು ಲೆಸೀನಾದ ತವರಿಗೆ ಹೋದಳು.

5. ಬೆಟ್ಟವನ್ನೇ ಬಗೆದ ನನಗೆ ಸ್ವಂತ ಅಡುಗೆಮನೆಯಲ್ಲಿ ಉಪ್ಪು ಸಿಕ್ಕಿಲ್ಲ. ಒಣ ಬ್ರೆಡ್ಡು, ಈರುಳ್ಳಿ ತಿನ್ನುತ್ತಿದ್ದೇನೆ. ನಾನು ಬಡಾಯಿ ಕೊಚ್ಚಿದಾಗ "ಸುಳ್ಳ!" ಎನ್ನಲೂ ಮನೆಯಲ್ಲಿ ಯಾರೂ ಇಲ್ಲ. ಆ ಕಾರಣ ಬಡಾಯಿಯೂ ರುಚಿಸುತ್ತಿಲ್ಲ.

ಆದ್ದರಿಂದ, "ಸದರಿ ಐದೂ ಕೊಂಬುಗಳು ಪ್ರಿಮಿಯಾನೊನ ಸ್ವಂತ ದುಡಿಮೆಯಿಂದ ಬಂದವು, ಇದರಲ್ಲಿ ಶ್ರೀಮತಿ ಇನ್ಕೊರೊನಾಟಾ ಅವರ ಯಾವ ಸಹಾಯವೂ ಇಲ್ಲ" ಎಂದು ಪೂಜೆಯಲ್ಲಿ ಗಟ್ಟಿಯಾಗಿ ಓದಬೇಕಾಗಿ ವಿನಂತಿ.

ತಮ್ಮ ವಿಶ್ವಾಸಕ್ಕೆ ಇನ್ನೂ ಅರ್ಹನೆಂದು ನಂಬಿರುವ,
ಪ್ರಿಮಿಯಾನೊ

ಲಗತ್ತುಗಳು:
1. ಹೆಲ್ಮೆಟ್ಟು, ನಾಲ್ಕು ಕೊಂಬು ಸಹಿತ (ಐದನೆಯದನ್ನು ಹೆಂಡತಿ ಮುರಿದಿದ್ದಾಳೆ).
2. ಸದರಿ ಪ್ರಾಣಿಯ ಚಿತ್ರ, ಪ್ರೊಫೆಸರರ ಸಹಿಯೊಂದಿಗೆ.

ವಿ.ಸೂ.: ಓದುವಾಗ ದಯವಿಟ್ಟು ನಗಬಾರದು. ಅಂದು ಚರ್ಚಿನ ಮೆಟ್ಟಿಲ ಮೇಲೆ ತಾವು ನಕ್ಕಿದ್ದನ್ನು ಇನ್ಕೊರೊನಾಟಾ ನೋಡಿದ್ದಾಳೆ.